ಕೆರೆಯ ಲೆಕ್ಕದಲ್ಲಿ ನಿರ್ವಹಣೆಯ ಬಾಬ್ತು: ಕೆ.ಜಿ.ಎಫ್.–ಬಂಗಾರಪೇಟೆಯ ಜಲಪರಂಪರೆ ಮತ್ತು ಸುಸ್ಥಿರ ಅಭಿವೃದ್ಧಿ

ಕೋಲಾರ ಚಿನ್ನದ ಗಣಿಗಳ ಇತಿಹಾಸವನ್ನು ಹೇಳುವಾಗ ಒಂದು ಸಂಗತಿಯನ್ನು ಯಾರೂ ಮರೆಯುವುದಿಲ್ಲ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರದ ಗಣಿಗಳಿಗೆ ತಂತಿಯ ಮೂಲಕ ವಿದ್ಯುತ್ ಹರಿದು ಬಂದಿತು. ಆ ತಂತಿಯ ಕಥೆ ಶಾಲಾ ಮಕ್ಕಳಿಗೂ ಗೊತ್ತು. ಆದರೆ ಅದೇ ದಶಕದಲ್ಲಿ ಬೇತಮಂಗಲದ ಕೆರೆಯಿಂದ ಗಣಿ ಪ್ರದೇಶಕ್ಕೆ ಎಳೆಯಲಾದ ನೀರಿನ ಕೊಳವೆಯನ್ನು ನೆನೆಯುವವರು ವಿರಳ. ವಿದ್ಯುತ್ತಿಗೆ ಬದಲಾಗಿ ಉಗಿಯಂತ್ರವಿದ್ದಿತು. ನೀರಿಗೆ ಬದಲಿ ಇರಲಿಲ್ಲ. ನದಿಯಿಲ್ಲದ ಬಂಡೆನೆಲದ ಮೇಲೆ ಸಹಸ್ರಾರು ಕಾರ್ಮಿಕರ ಪಟ್ಟಣವೊಂದು ನಿಲ್ಲಲು ಆ ಕೊಳವೆಯೂ, ಅದರ ಹಿಂದಿದ್ದ ಪುರಾತನ ಕೆರೆಯೂ ಕಾರಣವಾದವು.

ಸುಸ್ಥಿರ ಅಭಿವೃದ್ಧಿಗೆ 1987ರಲ್ಲಿ ಬ್ರಂಟ್‌ಲ್ಯಾಂಡ್ ಆಯೋಗವು ನೀಡಿದ ವ್ಯಾಖ್ಯೆ ಪ್ರಸಿದ್ಧವಾಗಿದೆ. ಮುಂದಿನ ಪೀಳಿಗೆಯ ಅಗತ್ಯಗಳಿಗೆ ಕುಂದುಂಟಾಗದಂತೆ ಇಂದಿನ ಅಗತ್ಯಗಳನ್ನು ಪೂರೈಸಿಕೊಳ್ಳುವುದೇ ಅದರ ಸಾರ. ವಾಣಿಜ್ಯದ ಭಾಷೆಯಲ್ಲಿ ಹೇಳುವುದಾದರೆ ಬಂಡವಾಳವನ್ನು ಕರಗಿಸದೆ ಆದಾಯದಲ್ಲಿ ಬಾಳುವುದು. ಸವಕಳಿಗೆ ಪ್ರತಿವರ್ಷ ಹಣ ತೆಗೆದಿರಿಸದ ಉದ್ದಿಮೆಯು ಕೆಲವು ವರ್ಷ ಲಾಭ ತೋರಿಸಬಹುದು. ಯಂತ್ರ ನಿಂತ ದಿನ ಅದರ ನಿಜಸ್ಥಿತಿ ಬಯಲಾಗುತ್ತದೆ. ಕೋಲಾರ ಜಿಲ್ಲೆಯ ಕೆರೆಗಳ ವಿಷಯದಲ್ಲಿ ಆಗಿರುವುದು ಇದೇ.

ಚಿನ್ನಕ್ಕೆ ನೀರೆರೆದ ಕೆರೆ

ಬೇತಮಂಗಲವು ಹಿಂದೆ ಬಂಗಾರಪೇಟೆ ತಾಲ್ಲೂಕಿಗೆ ಸೇರಿದ್ದು, ಈಗ ಕೆ.ಜಿ.ಎಫ್. ತಾಲ್ಲೂಕಿನಲ್ಲಿದೆ. ಪಾಲಾರ್ ನದಿಗೆ ಅಡ್ಡಲಾಗಿ ಕಟ್ಟಿದ ಇಲ್ಲಿನ ಕೆರೆಯ ಪ್ರಾಚೀನತೆಗೆ ಶಾಸನಗಳ ಆಧಾರವಿದೆ. ಊರಿನ ಹಳೆಯ ಹೆಸರು ವಿಜಯಾದಿತ್ಯಮಂಗಲ. ಒಡೆದುಹೋಗಿದ್ದ ಕೆರೆಯನ್ನು ಹತ್ತನೆಯ ಶತಮಾನದಲ್ಲಿ ನೊಳಂಬರ ಆಳ್ವಿಕೆಯಲ್ಲಿ ಜೀರ್ಣೋದ್ಧಾರ ಮಾಡಲಾಯಿತು. ಹನ್ನೆರಡನೆಯ ಶತಮಾನದಲ್ಲಿ ಹೊಯ್ಸಳ ದಂಡನಾಯಕ ಚೊಕ್ಕಿಮಯ್ಯನ ಕಾಲದಲ್ಲಿ ಮತ್ತೊಮ್ಮೆ ದುರಸ್ತಿಯಾಯಿತು. ಅಂದರೆ ಎಂಟು ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಈ ಕೆರೆ ಕನಿಷ್ಠ ಎರಡು ಬಾರಿ ಪುನರುಜ್ಜೀವನಗೊಂಡಿತ್ತು.

1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯು ಗಣಿಗಳ ನಿರ್ವಹಣೆಗೆ ಇಳಿದ ಮೇಲೆ ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಗಣಿಗಳು ಬೆಳೆದವು. 1894ರಲ್ಲಿ ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ ರೈಲುಮಾರ್ಗ ಬಂದಿತು. ಅದಿರನ್ನು ಪುಡಿಮಾಡಿ ತೊಳೆಯಲು, ಉಗಿಯಂತ್ರ ನಡೆಸಲು, ಜನರಿಗೆ ಕುಡಿಯಲು ನೀರು ಬೇಕಾಗಿತ್ತು. ಚಿನ್ನದ ಮೇಲೆ ರಾಜಧನ ಪಡೆಯುತ್ತಿದ್ದ ಮೈಸೂರು ಸರ್ಕಾರಕ್ಕೂ ಗಣಿ ನಿಲ್ಲದಿರುವುದು ಮುಖ್ಯವಾಗಿದ್ದಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಬೇತಮಂಗಲದಲ್ಲಿ ಶೋಧಕಾಗಾರ, ಪಂಪುಮನೆಗಳು ಸಿದ್ಧವಾಗಿ ಸುಮಾರು 10 ಕಿಲೋಮೀಟರ್ ದೂರದ ಗಣಿ ಪ್ರದೇಶಕ್ಕೆ ನೀರು ಪೂರೈಕೆಯಾಗತೊಡಗಿತು. ಅತ್ಯಾಧುನಿಕ ಉದ್ದಿಮೆಯೊಂದು ತನಗೆ ಸಾವಿರ ವರ್ಷ ಹಿಂದಿನವರು ಕಟ್ಟಿದ ಆಸ್ತಿಯನ್ನು ಬಳಸಿಕೊಂಡಿತು. ಜಲಪರಂಪರೆ ಎಂಬುದು ಕೇವಲ ಪ್ರವಾಸಿಗರು ನೋಡುವ ಕಲ್ಲುಕಟ್ಟಡವಲ್ಲ, ದುಡಿಯುವ ಆಸ್ತಿ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಈ ಸೀಮೆಯಲ್ಲಿ ಹಳೆಯ ಕೆರೆಗಳಿಗೆ ಮಹತ್ವ ಬರಲು ಇನ್ನೊಂದು ಕಾರಣವೂ ಇದೆ. 1892ರ ಮದ್ರಾಸ್–ಮೈಸೂರು ಒಪ್ಪಂದವು ಪಾಲಾರ್ ಸೇರಿದಂತೆ ಹಲವು ನದಿಗಳ ಮೇಲೆ ಮೈಸೂರು ಸಂಸ್ಥಾನವು ಹೊಸ ನೀರಾವರಿ ಕಾಮಗಾರಿ ಕೈಗೊಳ್ಳುವ ಮುನ್ನ ಮದ್ರಾಸ್ ಸರ್ಕಾರದ ಸಮ್ಮತಿ ಪಡೆಯಬೇಕೆಂದು ವಿಧಿಸಿತು. ಹೊಸದನ್ನು ಕಟ್ಟಲು ಅಡ್ಡಿಯಿದ್ದ ಕಡೆ ಇದ್ದುದನ್ನು ಸುಸ್ಥಿತಿಯಲ್ಲಿಡುವುದೇ ವಿವೇಕದ ಮಾರ್ಗವಾಗಿತ್ತು.

ಕೆರೆಗಳು ಬಾಳಿದ್ದು ಹೇಗೆ?

ಕೆರೆ ಕಟ್ಟುವುದು ಒಮ್ಮೆ ಮಾಡುವ ವೆಚ್ಚ. ಅದನ್ನು ಕಾಯುವುದು ಪ್ರತಿವರ್ಷದ ವೆಚ್ಚ. ನಮ್ಮ ಹಿರಿಯರು ಈ ಎರಡನ್ನೂ ಬೇರೆಬೇರೆಯಾಗಿ ಗುರುತಿಸಿದ್ದರು ಎಂಬುದು ಶಾಸನಗಳಿಂದ ತಿಳಿದುಬರುತ್ತದೆ. ಕೆರೆ ಕಟ್ಟಿಸಿದವನಿಗೆ ಅಥವಾ ಜೀರ್ಣೋದ್ಧಾರ ಮಾಡಿದವನಿಗೆ ಅಚ್ಚುಕಟ್ಟಿನಲ್ಲಿ ಭೂಮಿ ಬಿಡುವುದು ಕಟ್ಟುಕೊಡಗೆ. ಕೆರೆಯ ಕೆಳಗಿನ ಗದ್ದೆಯ ಉತ್ಪನ್ನದಲ್ಲಿ ಒಂದು ಪಾಲನ್ನು ಕೆರೆಯ ಸಲುವಾಗಿ ಮೀಸಲಿಡುವುದು ಬಿತ್ತುವಟ್ಟ. ಹತ್ತರಲ್ಲೊಂದು ಪಾಲಿನ ಲೆಕ್ಕದಲ್ಲಿ ಬಿಡುವ ದತ್ತಿ ದಶವಂದ. ಹೂಳು ಹೊರುವ ಗಾಡಿಗಳಿಗೆ, ಎತ್ತು ಕೋಣಗಳ ನಿರ್ವಹಣೆಗೆ ದತ್ತಿ ಬಿಟ್ಟ ಉದಾಹರಣೆಗಳೂ ಕರ್ನಾಟಕದಲ್ಲಿವೆ. ಇಂದಿನ ಲೆಕ್ಕಶಾಸ್ತ್ರದಲ್ಲಿ ಇವುಗಳಿಗೆ ಸವಕಳಿ ನಿಧಿ ಅಥವಾ ಮೀಸಲು ನಿಧಿ ಎಂಬ ಹೆಸರು ಒಪ್ಪುತ್ತದೆ.

ಆಂಧ್ರಪ್ರದೇಶದ ಕಡಪ ಜಿಲ್ಲೆಯ ಪೋರುಮಾಮಿಳ್ಳ ಕೆರೆಯ 1369ರ ಶಾಸನವು ವಿಜಯನಗರದ ಕಾಲದ್ದು. ಒಳ್ಳೆಯ ಕೆರೆಗೆ ಇರಬೇಕಾದ ಹನ್ನೆರಡು ಅಂಗಗಳನ್ನೂ, ಇರಬಾರದ ಆರು ದೋಷಗಳನ್ನೂ ಅದು ಪಟ್ಟಿಮಾಡುತ್ತದೆ. ಅಂತರರಾಷ್ಟ್ರೀಯ ನೀರಾವರಿ ಮತ್ತು ಜಲೋತ್ಸಾರಣ ಆಯೋಗವು 2020ರಲ್ಲಿ ಈ ಕೆರೆಯನ್ನು ಪಾರಂಪರಿಕ ನೀರಾವರಿ ರಚನೆಯೆಂದು ಗುರುತಿಸಿತು. ಶ್ರೀಲಂಕಾದ ಸರಪಳಿ ಕೆರೆಗಳ ಗ್ರಾಮವ್ಯವಸ್ಥೆಗೆ 2017ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯ ಮನ್ನಣೆ ದೊರೆಯಿತು. ಇಂತಹದೇ ವ್ಯವಸ್ಥೆ ಕೋಲಾರ ಜಿಲ್ಲೆಯಾದ್ಯಂತ ಹರಡಿದೆ.

ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ಆ ನೀರು ಕಾಲುವೆಯ ಮೂಲಕ ಕೆಳಗಿನ ಕೆರೆಗೆ ಸೇರುತ್ತದೆ. ಏರಿ ನೀರನ್ನು ತಡೆಯುತ್ತದೆ, ತೂಬು ಅಳೆದು ಬಿಡುತ್ತದೆ, ಕೋಡಿ ಹೆಚ್ಚಾದುದನ್ನು ಸಾಗಿಸುತ್ತದೆ. ಊರ ಕುಂಟೆ, ಗೋಕಟ್ಟೆ, ಕಲ್ಯಾಣಿಗಳು ಉಳಿದ ಅಗತ್ಯಗಳನ್ನು ನೋಡಿಕೊಳ್ಳುತ್ತವೆ. ನೆಲದೊಳಗೆ ಇಂಗಿದ ನೀರು ಬಾವಿಗಳಲ್ಲಿ ಮರಳಿ ದೊರೆಯುತ್ತದೆ. ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ಕೆಳಗಿನ ಕೆರೆಗಳೆಲ್ಲ ಬತ್ತುತ್ತವೆ. ಆದ್ದರಿಂದ ಒಂದು ಕೆರೆಯ ಹೂಳೆತ್ತಿ ಅದರ ಕಾಲುವೆಯನ್ನು ಒತ್ತುವರಿಗೆ ಬಿಟ್ಟುಕೊಟ್ಟರೆ ಮಾಡಿದ ವೆಚ್ಚ ವ್ಯರ್ಥ.

ನಿರ್ವಹಣೆಯ ಬಾಬ್ತು ಕಳಚಿದ ಬಗೆ

ಕಾಲಕ್ರಮದಲ್ಲಿ ಕೆರೆಗಳ ಒಡೆತನ ಸರ್ಕಾರದ ಇಲಾಖೆಗಳಿಗೆ ಬಂದಿತು. ಕೆರೆಗಾಗಿ ಮೀಸಲಾಗಿದ್ದ ಆದಾಯ ಸಾಮಾನ್ಯ ಕಂದಾಯದಲ್ಲಿ ಬೆರೆಯಿತು. 1961ರ ಕಾಯ್ದೆಯು ವಂಶಪಾರಂಪರ್ಯವಾದ ಗ್ರಾಮ ಹುದ್ದೆಗಳನ್ನು ರದ್ದುಪಡಿಸಿತು. ತೂಬು ತೆಗೆದು ಮುಚ್ಚಿ ನೀರು ಹಂಚುತ್ತಿದ್ದ ನೀರುಗಂಟಿಗಳಲ್ಲಿ ಬಹುಮಂದಿ ದಲಿತ ಸಮುದಾಯದವರು. ಹುಟ್ಟಿನಿಂದ ಬರುವ ಊಳಿಗ ಕೊನೆಗೊಂಡದ್ದು ನ್ಯಾಯವೇ ಆಗಿತ್ತು. ಆದರೆ ಆ ಕೆಲಸಕ್ಕೆ ತಕ್ಕ ಸಂಬಳದ ಬದಲಿ ವ್ಯವಸ್ಥೆಯು ಬಹುತೇಕ ಊರುಗಳಲ್ಲಿ ರೂಪುಗೊಳ್ಳಲಿಲ್ಲ. ಹುದ್ದೆ ಹೋಯಿತು, ಕೆಲಸ ಉಳಿಯಿತು, ಮಾಡುವವರಿಲ್ಲವಾಯಿತು.

ಇದೇ ವೇಳೆಗೆ ಕೊಳವೆಬಾವಿ ಬಂದಿತು. ಕೆರೆಯು ಎಲ್ಲರ ಆಸ್ತಿ. ಕೊಳವೆಬಾವಿ ಒಬ್ಬನ ಆಸ್ತಿ. ಪ್ರತಿಯೊಬ್ಬನೂ ತನ್ನ ಬಾವಿಯನ್ನು ಆಳಗೊಳಿಸಿದಂತೆ ಎಲ್ಲರ ಕೆರೆಯ ಚಿಂತೆ ಯಾರಿಗೂ ಇಲ್ಲದಾಯಿತು. ಕೇಂದ್ರೀಯ ಅಂತರ್ಜಲ ಮಂಡಳಿಯ ಮೌಲ್ಯಮಾಪನಗಳಲ್ಲಿ ಕೋಲಾರ ಜಿಲ್ಲೆಯು ಅಂತರ್ಜಲದ ಅತಿಬಳಕೆಯ ಪ್ರದೇಶವೆಂದು ಮತ್ತೆಮತ್ತೆ ಗುರುತಿಸಲ್ಪಟ್ಟಿದೆ. ಅಂದರೆ ವರ್ಷಕ್ಕೆ ಜಮೆಯಾಗುವುದಕ್ಕಿಂತ ಖರ್ಚು ಹೆಚ್ಚು. ಜಿಲ್ಲೆಯ ಹಲವೆಡೆ ಆಳದ ನೀರಿನಲ್ಲಿ ಫ್ಲೋರೈಡ್ ಅಂಶವು ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ಮೀರಿರುವುದು ಈ ಸಾಲಕ್ಕೆ ತೆರುತ್ತಿರುವ ಬಡ್ಡಿ.

ಬೇತಮಂಗಲದ ಕೆರೆಯೂ ಇದಕ್ಕೆ ಹೊರತಾಗಲಿಲ್ಲ. ಪಾಲಾರ್ ಹರಿಯದ ವರ್ಷಗಳು ಹೆಚ್ಚಾದಂತೆ ಕೆರೆ ಬತ್ತಿತು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ಗಣಿಯ ಆದಾಯ ನಿಂತರೂ ಜನ ಉಳಿದರು. 2011ರ ಜನಗಣತಿಯಂತೆ ಇಲ್ಲಿನ ಜನಸಂಖ್ಯೆ ಒಂದೂವರೆ ಲಕ್ಷಕ್ಕೂ ಅಧಿಕ. ನೀರಿಗಾಗಿ ನಗರವು ಕೊಳವೆಬಾವಿ ಮತ್ತು ಟ್ಯಾಂಕರುಗಳನ್ನು ಆಶ್ರಯಿಸಬೇಕಾಯಿತು. 2021ರ ನವೆಂಬರಿನ ಭಾರಿ ಮಳೆಗೆ ಪಾಲಾರ್ ಹರಿದು ಬೇತಮಂಗಲದ ಕೆರೆ ಬಹುಕಾಲದ ನಂತರ ಕೋಡಿ ಬಿದ್ದಾಗ ಸುತ್ತಲಿನ ಜನ ನೋಡಲು ನೆರೆದರು. ಕೆರೆ ಸತ್ತಿಲ್ಲ, ಕಾಯುವವರು ಬೇಕು ಎಂಬುದು ಅಂದು ಎಲ್ಲರಿಗೂ ಕಂಡಿತು.

ಹೂಳೆಂಬ ಸವಕಳಿ

ಯಂತ್ರಕ್ಕೆ ಸವಕಳಿ ಇರುವಂತೆ ಕೆರೆಗೆ ಹೂಳು. ಸರಳ ಲೆಕ್ಕವೊಂದನ್ನು ನೋಡಬಹುದು. ಒಂದು ಹೆಕ್ಟೇರ್ ವಿಸ್ತಾರದಲ್ಲಿ ಒಂದು ಮೀಟರ್ ಹೂಳು ತುಂಬಿದರೆ 10,000 ಘನಮೀಟರ್, ಅಂದರೆ ಒಂದು ಕೋಟಿ ಲೀಟರ್ ನೀರಿನ ಜಾಗ ನಷ್ಟವಾಗುತ್ತದೆ. 5,000 ಲೀಟರಿನ ಟ್ಯಾಂಕರುಗಳಲ್ಲಿ ಇದು 2,000 ಟ್ಯಾಂಕರ್ ನೀರು. ಟ್ಯಾಂಕರಿಗೆ 500 ರೂಪಾಯಿ ಎಂದು ಕೇವಲ ಉದಾಹರಣೆಗೆ ಹಿಡಿದರೂ ಒಂದು ಹೆಕ್ಟೇರಿಗೆ, ಕೆರೆ ಒಮ್ಮೆ ತುಂಬುವ ಲೆಕ್ಕದಲ್ಲಿ, ಆಗುವ ನಷ್ಟ 10 ಲಕ್ಷ ರೂಪಾಯಿ. ಈ ನಷ್ಟ ಯಾವ ಸಂಸ್ಥೆಯ ಲೆಕ್ಕಪುಸ್ತಕದಲ್ಲೂ ದಾಖಲಾಗುವುದಿಲ್ಲ. ಗಿರಣಿ, ಹೋಟೆಲು, ಆಸ್ಪತ್ರೆ, ಮನೆಗಳ ಟ್ಯಾಂಕರ್ ಬಿಲ್ಲಿನಲ್ಲಿ ಹಂಚಿಹೋಗುತ್ತದೆ.

ಆದರೆ ಹೂಳೆತ್ತಿದ ಮಾತ್ರಕ್ಕೆ ಲಾಭ ಬಾರದು. ಕಾಲುವೆಯಿಂದ ನೀರು ಬಾರದ ಕೆರೆಯನ್ನು ಆಳಗೊಳಿಸಿದರೆ ಗುಂಡಿ ದೊಡ್ಡದಾಗುತ್ತದೆ ಅಷ್ಟೆ. ಮಣ್ಣು ಮಾರುವ ಉದ್ದೇಶದಿಂದ ತೋಡಿದ ಕಡೆ ಏರಿಯ ಬುಡಕ್ಕೇ ಅಪಾಯವುಂಟು. ಗೋಡು ಮಣ್ಣು ರೈತರ ಹೊಲಕ್ಕೆ ಹೋಗಬೇಕು, ಕಾಲುವೆ ಮೊದಲು ತೆರವಾಗಬೇಕು, ತೂಬು ಕೋಡಿಗಳು ಭದ್ರವಾಗಬೇಕು. ಈ ಕ್ರಮ ತಪ್ಪಿದರೆ ಬಂಡವಾಳ ಹೂಡಿಕೆ ನಿಷ್ಫಲ.

ಹೊರಗಿನಿಂದ ಬರುವ ನೀರು

ಕಳೆದ ಕೆಲವು ವರ್ಷಗಳಲ್ಲಿ ಜಿಲ್ಲೆಗೆ ನೀರು ತರುವ ದೊಡ್ಡ ಯೋಜನೆಗಳು ಕೈಗೂಡಿವೆ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರು 2018ರ ಜೂನ್‌ನಲ್ಲಿ ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ ಬಂದಿತು. ದಿನಕ್ಕೆ 440 ದಶಲಕ್ಷ ಲೀಟರ್ ಸಾಮರ್ಥ್ಯದ ಈ ಯೋಜನೆಯ ಉದ್ದೇಶ ಕೆರೆ ತುಂಬಿಸಿ ಅಂತರ್ಜಲ ಹೆಚ್ಚಿಸುವುದೇ ಹೊರತು ನೇರವಾಗಿ ಕುಡಿಯಲು ಕೊಡುವುದಲ್ಲ. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯ ಹಂತವೂ ಬೇಕೆಂಬ ಬೇಡಿಕೆ ಜಿಲ್ಲೆಯ ರೈತರಿಂದ ಕೇಳಿಬಂದಿದೆ. ಬಂಗಾರಪೇಟೆ ತಾಲ್ಲೂಕಿನ ಯರಗೋಳ್ ಬಳಿ ಮಾರ್ಕಂಡೇಯ ನದಿಗೆ ಕಟ್ಟಿದ ಅಣೆಕಟ್ಟು 2023ರ ನವೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಬಂಗಾರಪೇಟೆ, ಮಾಲೂರು, ಕೋಲಾರ ಪಟ್ಟಣಗಳ ಕುಡಿಯುವ ನೀರಿಗಾಗಿ ಇದು ರೂಪುಗೊಂಡಿತು. ಎತ್ತಿನಹೊಳೆ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಸಕಲೇಶಪುರದ ಬಳಿ ಚಾಲನೆ ದೊರೆತಿದೆ.

ಇವುಗಳಲ್ಲಿ ಕಣಿವೆಯ ನೀರು ನೇರವಾಗಿ ಹಳೆಯ ಕೆರೆಗಳನ್ನೇ ಸೇರುತ್ತದೆ. ಎತ್ತಿನಹೊಳೆಯ ನೀರಿನಲ್ಲಿಯೂ ಒಂದು ಪಾಲು ಕೆರೆಗಳಿಗೆ ಗೊತ್ತಾಗಿದೆ. ನೂರಾರು ಕಿಲೋಮೀಟರ್ ದೂರದಿಂದ, ಸಾವಿರಾರು ಕೋಟಿ ವೆಚ್ಚದಲ್ಲಿ ತಂದ ನೀರನ್ನು ಹಿಡಿದಿಡುವ ಪಾತ್ರೆ ನೊಳಂಬ, ಹೊಯ್ಸಳ, ವಿಜಯನಗರದ ಕಾಲದ ಜನ ಕಟ್ಟಿದ್ದು. ಪಾತ್ರೆ ತೂತಾಗಿದ್ದರೆ ಸುರಿದ ನೀರು ನಿಲ್ಲದು. ಹೊಸ ಯೋಜನೆಗಳು ಹಳೆಯ ಕೆರೆಗಳಿಗೆ ಬದಲಿಯಲ್ಲ. ಅವುಗಳ ಬೆಲೆಯನ್ನು ಹೆಚ್ಚಿಸಿವೆ.

ಗಣಿ ಬಿಟ್ಟುಹೋದ ಹೊಣೆ

ಕೆ.ಜಿ.ಎಫ್.ನ ಲೆಕ್ಕದಲ್ಲಿ ಆಸ್ತಿಯಷ್ಟೇ ಅಲ್ಲ, ಹೊಣೆಯೂ ಇದೆ. ಅದಿರಿನಿಂದ ಚಿನ್ನ ತೆಗೆದ ಮೇಲೆ ಉಳಿದ ಪುಡಿಯು ಸುಮಾರು 33 ದಶಲಕ್ಷ ಟನ್ನಿನಷ್ಟು ದಿಬ್ಬಗಳಾಗಿ ನಿಂತಿದೆ. ಜನರ ಬಾಯಲ್ಲಿ ಇವು ಸೈನೈಡ್ ದಿಬ್ಬಗಳು. ಬೇಸಿಗೆಯ ಗಾಳಿಗೆ ಧೂಳಾಗಿ, ಮಳೆಗೆ ಕೆಸರಾಗಿ ಇವು ಸುತ್ತಲಿನ ತಗ್ಗುಗಳಿಗೆ ಇಳಿಯುತ್ತವೆ. ಸುಮಾರು 1,003 ಎಕರೆಯಲ್ಲಿರುವ 13 ದಿಬ್ಬಗಳಿಂದ ಮತ್ತೆ ಖನಿಜ ತೆಗೆಯುವ ಕೇಂದ್ರ ಸರ್ಕಾರದ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಸಮ್ಮತಿಸಿತು. ಉದ್ಯೋಗವಿಲ್ಲದೆ ಪ್ರತಿದಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುವ ಜನರಿಗೆ ಇದು ಆಶಾದಾಯಕ ಸುದ್ದಿ. ಆದರೆ ಈ ಕೆಲಸಕ್ಕೂ ನೀರು ಬೇಕು. ಆ ನೀರು ಎಲ್ಲಿಂದ, ಬಳಸಿದ ನೀರು ಎಲ್ಲಿಗೆ, ಕೆಳಗಿನ ಕೆರೆಗಳ ರಕ್ಷಣೆಗೆ ಯಾರ ಹೊಣೆ ಎಂಬ ಪ್ರಶ್ನೆಗಳಿಗೆ ಗುತ್ತಿಗೆಯ ಷರತ್ತಿನಲ್ಲಿಯೇ ಉತ್ತರವಿರಬೇಕು. ಭವಿಷ್ಯದ ಖಚಿತ ಹೊಣೆಗೆ ಇಂದೇ ಅವಕಾಶ ಕಲ್ಪಿಸಬೇಕೆಂಬುದು ಲೆಕ್ಕಪತ್ರ ಮಾನಕಗಳ ಮೂಲ ತತ್ವವಾಗಿದೆ.

ಕಾನೂನು ಕೊಡುವ ಹಣ, ಕೊಡದ ಹಣ

2013ರ ಕಂಪನಿ ಕಾಯ್ದೆಯ 135ನೇ ಕಲಮು 2014ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ನಿಗದಿತ ಮಿತಿಯನ್ನು ಮುಟ್ಟಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇಕಡ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವಿನಿಯೋಗಿಸಬೇಕು. ಏಳನೇ ಅನುಸೂಚಿಯಲ್ಲಿ ನೈಸರ್ಗಿಕ ಸಂಪನ್ಮೂಲಗಳ ಸಂರಕ್ಷಣೆ, ನೀರಿನ ಗುಣಮಟ್ಟ ಕಾಯುವುದು ಸೇರಿವೆ. ಕಾರ್ಯಾಚರಣೆಯ ಸ್ಥಳೀಯ ಪ್ರದೇಶಕ್ಕೆ ಆದ್ಯತೆ ನೀಡಬೇಕೆಂದೂ ಕಾಯ್ದೆ ಹೇಳುತ್ತದೆ. ಆದ್ದರಿಂದ ಕೆರೆ ಪುನಶ್ಚೇತನಕ್ಕೆ ಈ ಹಣ ಬಳಸಲು ಅಡ್ಡಿಯಿಲ್ಲ.

ಇಲ್ಲಿ ಗಮನಿಸಬೇಕಾದ ತೊಡಕೊಂದಿದೆ. 2021ರ ತಿದ್ದುಪಡಿಗಳ ನಂತರ ಯಾವುದೇ ಸಂಸ್ಥೆಯ ಮೂಲನಿಧಿಗೆ ಕೊಡುವ ಹಣವನ್ನು ಈ ಬಾಬ್ತಿನಲ್ಲಿ ಪರಿಗಣಿಸುವುದಿಲ್ಲ. ಮುಂದುವರಿಯುವ ಯೋಜನೆಗೂ ಆರಂಭದ ವರ್ಷ ಬಿಟ್ಟು ಮೂರು ವರ್ಷಗಳ ಮಿತಿಯಿದೆ. ಅಂದರೆ ಹೂಳೆತ್ತಲು ಹಣ ದೊರೆಯುತ್ತದೆ. ಮುಂದಿನ ಮೂವತ್ತು ವರ್ಷ ಕೆರೆಯನ್ನು ಕಾಯುವ ದತ್ತಿಗೆ ದೊರೆಯುವುದಿಲ್ಲ. ಬಿತ್ತುವಟ್ಟ ಮಾಡುತ್ತಿದ್ದ ಕೆಲಸವನ್ನು ಇಂದಿನ ಈ ಕಾನೂನು ಮಾಡಲಾರದು. ವಿಶ್ವಬ್ಯಾಂಕ್ ನೆರವಿನಿಂದ 2002ರಲ್ಲಿ ಆರಂಭವಾದ ಸಮುದಾಯ ಆಧಾರಿತ ಕೆರೆ ನಿರ್ವಹಣಾ ಯೋಜನೆಯು ಜಲ ಸಂವರ್ಧನೆ ಯೋಜನಾ ಸಂಘದ ಮೂಲಕ ಕೆರೆ ಬಳಕೆದಾರರ ಸಂಘಗಳನ್ನು ಕಟ್ಟಲು ಮುಂದಾದದ್ದು ಈ ಕೊರತೆಯನ್ನು ಮನಗಂಡೇ. ಯೋಜನೆಯ ಅವಧಿಯ ನಂತರವೂ ವಾರ್ಷಿಕ ಆದಾಯವಿರುವ ಸಂಘ ಮಾತ್ರ ಕೆರೆಯನ್ನು ಕಾಯಬಲ್ಲದು.

ವಾಣಿಜ್ಯೋದ್ಯಮಿಗಳು ಮಾಡಬಹುದಾದುದು

ಬಂಗಾರಪೇಟೆಯ ಅಕ್ಕಿ ಗಿರಣಿಗಳು, ಕೆ.ಜಿ.ಎಫ್.ನ ವ್ಯಾಪಾರಿಗಳು, ಸುತ್ತಲಿನ ಕೈಗಾರಿಕೆಗಳು ಈ ಕೆಳಗಿನ ಕ್ರಮಗಳನ್ನು ಪರಿಶೀಲಿಸಬಹುದು.

1. ಪ್ರತಿ ಸಂಸ್ಥೆಯೂ ವರ್ಷದ ನೀರಿನ ಲೆಕ್ಕ ಇಡಬೇಕು: ಕೊಳವೆಬಾವಿ, ಟ್ಯಾಂಕರ್, ನಗರಸಭೆ, ಮಳೆನೀರು — ಪ್ರತಿಯೊಂದರಿಂದ ಎಷ್ಟು, ಒಟ್ಟು ವೆಚ್ಚವೆಷ್ಟು. ವೆಚ್ಚ ಕಾಣದೆ ಉಳಿತಾಯ ಸಾಧ್ಯವಿಲ್ಲ.

2. ಗಿರಣಿ, ಗೋದಾಮುಗಳ ಛಾವಣಿಯ ನೀರು ಹಿಡಿಯಬೇಕು. 1,000 ಚದರ ಮೀಟರ್ ಛಾವಣಿಯ ಮೇಲೆ ವರ್ಷಕ್ಕೆ 700 ಮಿಲಿಮೀಟರ್ ಮಳೆ ಬಿದ್ದು, ಅದರಲ್ಲಿ ಶೇಕಡ 80ರಷ್ಟು ಕೈಗೆ ಬಂದರೆ 5.6 ಲಕ್ಷ ಲೀಟರ್, ಅಂದರೆ 112 ಟ್ಯಾಂಕರ್ ನೀರು.

3. ಹೊಣೆಗಾರಿಕೆಯ ಹಣ ಕೊಡುವ ಕಂಪನಿಗಳು ಒಂಟಿ ಕೆರೆಯ ಬದಲು ಒಂದು ಸರಪಳಿಯನ್ನು ಆರಿಸಬೇಕು. ಕಾಲುವೆಯ ಸರ್ವೆ ಮತ್ತು ತೆರವು ಮುಗಿದ ನಂತರವೇ ಹೂಳೆತ್ತುವ ಹಣ ಬಿಡುಗಡೆಯಾಗಬೇಕು.

4. ನಿರ್ವಹಣೆಗೆ ಪ್ರತ್ಯೇಕ ವಾರ್ಷಿಕ ವಂತಿಗೆ ಬೇಕು. ಐವತ್ತು ಸಂಸ್ಥೆಗಳು ತಿಂಗಳಿಗೆ 500 ರೂಪಾಯಿಯಂತೆ ಕೊಟ್ಟರೆ ವರ್ಷಕ್ಕೆ 3 ಲಕ್ಷ ರೂಪಾಯಿ. ಸಂಬಳ ಪಡೆಯುವ ನೀರುಗಂಟಿ, ಏರಿಯ ಮೇಲಿನ ಗಿಡ ತೆಗೆಯುವುದು, ತೂಬಿನ ದುರಸ್ತಿ ಇವಕ್ಕೆ ಒಂದು ಭದ್ರ ಆರಂಭ ದೊರೆಯುತ್ತದೆ. ಈ ವಂತಿಗೆಯ ತೆರಿಗೆ ಪರಿಣಾಮವು ಸಂಸ್ಥೆಯ ಸ್ವರೂಪವನ್ನು ಅವಲಂಬಿಸಿದ್ದು, ಲೆಕ್ಕಪರಿಶೋಧಕರ ಸಲಹೆ ಪಡೆಯುವುದು ಒಳಿತು.

5. ಸಂಸ್ಕರಿತ ನೀರು ಸೇರುವ ಮತ್ತು ಗಣಿ ದಿಬ್ಬಗಳ ಕೆಳಗಿನ ಕೆರೆಗಳ ನೀರನ್ನು ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ನಿಯತವಾಗಿ ಪರೀಕ್ಷಿಸಿ, ಫಲಿತಾಂಶವನ್ನು ಗ್ರಾಮ ಪಂಚಾಯತಿಯ ಫಲಕದಲ್ಲಿ ಪ್ರಕಟಿಸಬೇಕು.

6. ಕೆರೆ ನಿಧಿಯ ಜಮಾಖರ್ಚು ಪ್ರತಿವರ್ಷ ಲೆಕ್ಕಪರಿಶೋಧನೆಗೆ ಒಳಪಟ್ಟು ಬಳಕೆದಾರರ ಸಭೆಯಲ್ಲಿ ಓದಲ್ಪಡಬೇಕು. ಹಿಂದಿನವರು ಲೆಕ್ಕವನ್ನು ಕಲ್ಲಿನಲ್ಲಿ ಕೆತ್ತಿಸಿ ಊರ ಮುಂದೆ ನಿಲ್ಲಿಸಿದ್ದರ ಉದ್ದೇಶವೂ ಇದೇ ಆಗಿತ್ತು.

ಉಪಸಂಹಾರ

ನೂರಿಪ್ಪತ್ತು ವರ್ಷ ನಡೆದ ಗಣಿಗಳು ಸುಮಾರು 800 ಟನ್ ಚಿನ್ನವನ್ನು ಕೊಟ್ಟು ಮುಚ್ಚಿದವು. ತೆಗೆದ ಚಿನ್ನ ಮತ್ತೆ ಹುಟ್ಟುವುದಿಲ್ಲ. ಬೇತಮಂಗಲದ ಕೆರೆ ಅದಕ್ಕಿಂತ ಹಲವು ಪಟ್ಟು ಹೆಚ್ಚು ಕಾಲ ದುಡಿದಿದೆ. ಮಳೆ ಬಂದ ವರ್ಷ ಇಂದಿಗೂ ತುಂಬುತ್ತದೆ. ಈ ಎರಡು ಆಸ್ತಿಗಳ ವ್ಯತ್ಯಾಸವನ್ನು ಅರಿಯುವುದೇ ಸುಸ್ಥಿರ ಅಭಿವೃದ್ಧಿಯ ಮೊದಲ ಪಾಠ. ಕೆ.ಜಿ.ಎಫ್. ಮತ್ತು ಬಂಗಾರಪೇಟೆಗೆ ಹೊಸ ಉದ್ದಿಮೆ ಬರಬೇಕೆಂದು ಬಯಸುವವರು ಭೂಮಿ, ವಿದ್ಯುತ್, ರೈಲುಮಾರ್ಗಗಳ ಪಟ್ಟಿಯಲ್ಲಿ ಕೆರೆಯನ್ನು ಮೊದಲು ಬರೆಯಬೇಕು. ಅದರ ಪಕ್ಕದಲ್ಲಿ ನಿರ್ವಹಣೆಯ ಬಾಬ್ತನ್ನೂ ಬರೆಯಬೇಕು. ಎರಡನೆಯ ಸಾಲು ಖಾಲಿ ಉಳಿದರೆ ಮೊದಲನೆಯ ಸಾಲು ಹೆಚ್ಚು ಕಾಲ ನಿಲ್ಲದು.